ಬಾನಿಗೆ ಹೇಳಿದ ನಿಜ

"ಬಾನಿ ಮುಂದೆ ನಿಜ ಹೇಳ್ಬೇಡ," ಎಂದ ಮುದುಕ ಬೌಡೆನ್. "ಬೇರೆ ಏನು ಬೇಕಾದ್ರೂ ಮಾಡು. ಉಗುಳು, ಬೈ, ಕುಡಿದು ಬಾ. ನಿಜ ಮಾತ್ರ ಬೇಡ."

ಗೋಸ್ವಿನ್ ನಕ್ಕುಬಿಟ್ಟ. ಅವನು ಗೆಂಟ್ ಪಟ್ಟಣಕ್ಕೆ ಹೊಸಬ. ಲೂವೆನ್‌ನಲ್ಲಿ ತೊಗಟೆ ಕುದಿಸಿ ಬಟ್ಟೆಗೆ ಕಂದು ಹಾಕುತ್ತಿದ್ದವನು. ಅಲ್ಲಿ ಬೆಂಕಿಯಿತ್ತು, ನೀರಿತ್ತು, ಬಣ್ಣವಿತ್ತು, ಅಷ್ಟೆ. ಇಲ್ಲಿ ವಿಧವೆ ಮಾಬೆಲಿಯ ಬಣ್ಣದ ಮನೆಯಲ್ಲಿ ಗಟ್ಟಿಮುಟ್ಟಾದ ಗಂಡಸರು ಒಂದು ಮರದ ಬಾನಿಗೆ ಹೆದರುತ್ತಿದ್ದರು.

ಕಿಟಕಿಯಿಲ್ಲದ ಕೋಣೆ. ಬಾನಿಗೆ ಥಂಡಿ ತಗುಲಬಾರದೆಂದು ಬಾಗಿಲಿಗೆ ತೊಗಲಿನ ಪರದೆ. ಹಗಲಲ್ಲೂ ಒಂದೇ ಒಂದು ಕೊಬ್ಬಿನ ದೀಪ. ಒಳಗೆ ಕಾಲಿಟ್ಟವನ ಮೂಗಿಗೆ ಮೊದಲು ಹಳೆ ಉಚ್ಚೆಯ ಘಾಟು ಬಡಿಯುತ್ತಿತ್ತು, ಆಮೇಲೆ ಕೊಳೆತ ಎಲೆಕೋಸಿನ ನಾತ, ಅದರಡಿಯಲ್ಲಿ ಹೆಸರಿಲ್ಲದ ಇನ್ನೊಂದು ವಾಸನೆ, ಸಿಹಿಯಾದದ್ದು. ನೀಲಿಸೊಪ್ಪು ತೌಡಿನ ಜೊತೆ ಹುಳಿಯುತ್ತ ಬಾನಿಯೊಳಗೆ ಪುಸ್ ಪುಸ್ ಎಂದು ಉಸಿರಾಡುತ್ತಿತ್ತು. ಮೇಲೆ ತಾಮ್ರದ ಹೊಳಪಿನ ನೊರೆ. ಅದ್ದಿದ ಬಟ್ಟೆ ಹಳದಿ-ಹಸಿರಾಗಿ ಮೇಲೇಳುತ್ತಿತ್ತು. ಗಾಳಿ ತಾಗಿದ್ದೇ ತಡ, ನೋಡನೋಡುತ್ತ ನೀಲಿಗೆ ತಿರುಗುತ್ತಿತ್ತು.

ಕತೆಯನ್ನು ಬೌಡೆನ್ ಹೊರಗೆ, ನದಿ ದಂಡೆಯಲ್ಲಿ ಹೇಳಿದ್ದ. ಹಿಂದೆ ಒಬ್ಬ ಆಳು ಆ ಬಾನಿಗೆ ಬಿದ್ದು ಸತ್ತ. ಬಿದ್ದನೋ ತಳ್ಳಿಸಿಕೊಂಡನೋ. ಮಾಬೆಲಿಯ ಮಾವ ಬಾನಿಯ ಅಂಚಿಗೆ ಕೈಯಿಟ್ಟು, ಇಲ್ಲಿ ಯಾರೂ ಬೀಳಲೇ ಇಲ್ಲವೆಂದು ಆಣೆ ಮಾಡಿದ. ಸತ್ತವನ ತಾಯಿ ಬಂದಳು. ಮಗನ ಕೂದಲು, ಶವದ ಬಟ್ಟೆಯ ಎಳೆ, ಇನ್ನೇನೇನೋ ಸೇರಿಸಿ ಗಂಟುಹಾಕಿ ಬಾನಿಗೆ ಎಸೆದಳು. "ಸುಳ್ಳು ಕುಡಿದೆಯಲ್ಲ, ಇನ್ನು ಸುಳ್ಳನ್ನೇ ಕುಡಿ. ನಿಜ ಸಿಕ್ಕ ದಿನ ಅದು ನಿನ್ನದು," ಅಂದಳು. ಆವತ್ತಿನಿಂದ ಆ ಬಾನಿಯ ನೀಲಿಗೆ ಇಡೀ ಫ್ಲಾಂಡರ್ಸ್‌ನಲ್ಲಿ ಸಾಟಿಯಿರಲಿಲ್ಲ. ಹಾಗಾಗಿ ಅದನ್ನು ಯಾರೂ ಚೆಲ್ಲಲಿಲ್ಲ.

ಕೆಲಸ ಶುರುವಾಗುವುದೇ ಸುಳ್ಳಿನಿಂದ.

"ನಿನ್ನೆ ಪೋಪ್ ನಮ್ಮನೆಗೆ ಬಂದಿದ್ರು," ಎನ್ನುತ್ತಿದ್ದ ಬಾನಿಯೊಳಗೆ ಕೋಲಾಡಿಸುವವನು. "ಒಣಮೀನು ತಿಂದು, ತಟ್ಟೆ ತೊಳೆದಿಟ್ಟು ಹೋದ್ರು."

"ನಮ್ಮತ್ತೆ ನನ್ನನ್ನ ಹೊಗಳಿದ್ಲು," ಎನ್ನುತ್ತಿದ್ದ ಇನ್ನೊಬ್ಬ.

"ಏಯ್, ಅಷ್ಟು ದೊಡ್ಡದು ಬೇಡ. ಬಾನಿಗೆ ಅಜೀರ್ಣ ಆಗತ್ತೆ."

ನೊರೆ ಉಬ್ಬುತ್ತಿತ್ತು. ಎಲ್ಲರೂ ನಗುತ್ತಿದ್ದರು, ಆದರೆ ಕಣ್ಣು ಬಾನಿಯ ಮೇಲೆಯೇ.

ಆ ಬೆಳಿಗ್ಗೆ ಗೋಸ್ವಿನ್ ಖುಷಿಯಲ್ಲಿದ್ದ. ಮನೆಯಿಂದ ಹೊರಡುವಾಗ ಹೈಲ್ವಿ ಅವನ ಕೈ ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. ಒಳಗಿನಿಂದ ಒದೆತ ಅಂಗೈಗೆ ತಾಗಿತ್ತು. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಈ ಮಗು ನಿಂತಿತ್ತು. ಅವನ ಮುಖ ನೋಡಿಯೇ ಬೌಡೆನ್‌ಗೆ ಅಪಾಯದ ವಾಸನೆ ಬಡಿದಿರಬೇಕು, ಬೇಗಬೇಗ ಬಾನಿಯತ್ತ ತಿರುಗಿದ.

"ಈ ಲೂವೆನ್ ಕೋಣಕ್ಕೆ ಹೆಂಡ್ತೀನೇ ಇಲ್ಲ," ಎಂದ. "ಹಾಸಿಗೇಲಿ ಮೇಕೆ ಮಲಗಿಸ್ಕೋತಾನೆ. ಅದೂ ಗೊಡ್ಡು ಮೇಕೆ."

ಎಲ್ಲರೂ ಜೋರಾಗಿ ನಕ್ಕರು. ಗೋಸ್ವಿನ್ ನಗಲಿಲ್ಲ. ಗೊಡ್ಡು ಎಂಬ ಮಾತನ್ನು ಹೈಲ್ವಿ ಬೇಕಾದಷ್ಟು ಕೇಳಿದ್ದಳು. ಮುದುಕ ಈ ಸುಳ್ಳಿನಿಂದ ತನ್ನನ್ನು ಕಾಪಾಡುತ್ತಿದ್ದಾನೆಂದು ಅವನಿಗೆ ಹೊಳೆಯಲಿಲ್ಲ. ಅವನು ಬಾನಿಯ ಮೇಲೆ ಬಗ್ಗಿದ.

"ನನಗೆ ಹೆಂಡ್ತಿ ಇದಾಳೆ. ಹೈಲ್ವಿ ಅಂತ. ಅವಳ ಹೊಟ್ಟೇಲಿ ನನ್ನ ಮಗು ಇದೆ. ಇದು ನಿಜ. ತಗೋ, ಕುಡಿ."

ನಗು ನಿಂತಿತು. ಪುಸ್ ಪುಸ್ ಕೂಡ ನಿಂತಿತು.

ನೊರೆ ನಡುವೆ ಸೀಳಿತು. ಕೆಳಗೆ ಹಳದಿ ನೀರು, ಕಣ್ಣಿನ ಹಾಗೆ. ಅದು ಒಂದು ಗುಟುಕು ನುಂಗಿದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ನೊರೆ ಕೂಡಿಕೊಂಡಿತು. ಒಬ್ಬ ಶಿಲುಬೆಯ ಗುರುತು ಹಾಕಿಕೊಂಡು ಹೊರಗೆ ಹೋದ.

"ಮನೆಗೆ ಹೋಗು," ಎಂದ ಬೌಡೆನ್. ಅವನ ದನಿಯಲ್ಲಿ ಬೈಗುಳವೂ ಇರಲಿಲ್ಲ.

ಹೈಲ್ವಿ ಹೊಸ್ತಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಗೋಸ್ವಿನ್ ಅವಳ ಬೆರಳು ನೋಡಿದ. ಉಗುರಿನ ಬುಡದಲ್ಲಿ ನೀಲಿ.

"ಎಲ್ಲಿ ಮುಟ್ಟಿದೆ ಇದನ್ನ?"

"ನಿನ್ನ ಅಂಗಿ ಒಗೆದಿದ್ದೆನಲ್ಲ, ಹತ್ತಿರ್ಬೇಕು." ಅವಳು ಬೆರಳನ್ನು ಲಂಗಕ್ಕೆ ಉಜ್ಜಿದಳು. ಹೋಗಲಿಲ್ಲ. "ಚಳಿ ಕಣೋ ಇವತ್ತು."

ಚಳಿಯಿರಲಿಲ್ಲ. ಅವನು ಕೈ ಹಿಡಿದ. ಬಾವಿಯಿಂದ ಆಗಷ್ಟೇ ಎತ್ತಿದ ಹಗ್ಗದ ಹಾಗಿತ್ತು. ಅವಳ ಕೂದಲಿನಿಂದ ಆ ಘಾಟು ಬಂತು. ಅದರಡಿಯ ಸಿಹಿಯೂ ಬಂತು.

ನೀಲಿ ಏರಿತು. ಮಣಿಕಟ್ಟು, ಮೊಣಕೈ, ಭುಜ. ಒಳಗಿದ್ದಾಗ ಅವಳು ಬರೀ ಹಳದಿ-ಹಸಿರು. ಬಾಗಿಲು ತೆರೆದು ಗಾಳಿ ಬಂದರೆ ಸಾಕು, ನೋಡನೋಡುತ್ತ ನೀಲಿ. ಗೋಸ್ವಿನ್ ಬಾಗಿಲ ಸಂದಿಗೆ ಚಿಂದಿ ತುರುಕಿದ. ಕಿಟಕಿಯನ್ನು ಮುಚ್ಚಿದ. ಕತ್ತಲಲ್ಲಿ ಅವಳು ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ಹೇಳಿದಳು:

"ಒದೀತಿಲ್ಲ ಗೋಸ್ವಿನ್. ತೇಲ್ತಿದೆ."

ಅವನು ಓಡಿದ. ಬಣ್ಣದ ಮನೆಯಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಗಂಟೆಗೆ ಎಲ್ಲರೂ ಊಟಕ್ಕೆ ಹೋಗಿದ್ದರು. ದೀಪ ಸಣ್ಣಗೆ ಉರಿಯುತ್ತಿತ್ತು. ಬಾನಿ ಹೊಟ್ಟೆ ತುಂಬಿದ ಪ್ರಾಣಿಯ ಹಾಗೆ ಉಸಿರಾಡುತ್ತಿತ್ತು. ಅವನು ಸುಳ್ಳು ಹೇಳಿದ. ನನಗೆ ಯಾರೂ ಇಲ್ಲ. ನಾನು ಒಂಟಿ. ನಾನು ಪಾದ್ರಿ. ನಾನು ಮೀನು. ಬಾನಿ ಅದನ್ನೂ ಕುಡಿಯಿತು. ಏನನ್ನೂ ವಾಪಸು ಕೊಡಲಿಲ್ಲ.

ಬಟ್ಟೆ ಎತ್ತುವ ಕೋಲು ಕೈಗೆ ಸಿಕ್ಕಿತು. ಆ ಗಂಟು ತಳದಲ್ಲಿರಬೇಕು, ಕಿತ್ತು ತೆಗೆಯೋಣ ಎಂದು ಆಳಕ್ಕೆ ಇಳಿಸಿದ. ಏನೋ ತೊಡರಿತು. ಭಾರ. ಎಳೆದ. ಹಳದಿ-ಹಸಿರು ಬಟ್ಟೆಯೊಂದು ಮೇಲೆ ಬಂತು. ಯಾರೂ ಅದ್ದಿರದ ಬಟ್ಟೆ. ಅದರೊಳಗೆ ಯಾರೂ ಇರಲಿಲ್ಲ, ಆದರೂ ಅದು ತುಂಬಿಕೊಂಡಿತ್ತು. ಭುಜ ಇತ್ತು. ಉಬ್ಬಿದ ಹೊಟ್ಟೆ ಇತ್ತು. ಕುತ್ತಿಗೆಯ ವಾರೆಯೂ ಹೈಲ್ವಿಯದೇ. ಗಾಳಿ ತಾಗಿತು. ಕಾಲಿನಿಂದ ನೀಲಿ ಏರಿತು. ತೊಡೆ. ಹೊಟ್ಟೆ. ಎದೆ. ಅವನು ಎರಡೂ ಕೈಯಲ್ಲಿ ಅದನ್ನು ನೀರಿಗೆ ಒತ್ತಿದ. ಒತ್ತಿ ಹಿಡಿದ. ಗಾಳಿ ಬೇಡ. ಗಾಳಿ ತಾಗಬಾರದು. ಬಟ್ಟೆಯೊಳಗಿನ ಬಾಯಿಂದ ಗುಳ್ಳೆ ಎದ್ದವು. ತಾನು ಅವಳನ್ನು ಮುಳುಗಿಸುತ್ತಿದ್ದೇನೆಂದು ತಿಳಿದಾಗ ಕೈ ಬಿಟ್ಟ.

ಊಟ ಮುಗಿಸಿ ಬಂದ ಬೌಡೆನ್ ಅವನನ್ನು ಕಂಕುಳಿಗೆ ಕೈಹಾಕಿ ಎಳೆದು ನದಿ ದಂಡೆಗೆ ತಂದು ಕೂರಿಸಿದ.

"ಈಗ ಬರೀ ಸುಳ್ಳು ಹೇಳಿದ್ರೆ ಸಾಲ್ದು ಮಗನೇ. ಮೊದಲು ಹೇಳಿದ್ದೇ ಸುಳ್ಳಾಗ್ಬೇಕು."

"ಅದು ನಿಜ."

"ನಿಜ ಅಲ್ದೇ ಇರೋ ಹಾಗೆ ಮಾಡು. ಮದುವೆ ಎಲ್ಲಾಯ್ತು?"

"ಅವಳಜ್ಜಿ ಕೊಟ್ಟಿಗೇಲಿ. ನಾನೊಂದು ಮಾತು ಕೊಟ್ಟೆ, ಅವಳೊಂದು ಮಾತು ಕೊಟ್ಟಳು. ಅಜ್ಜಿ ಒಬ್ಬಳೇ ಕೇಳಿಸ್ಕೊಂಡ್ಳು, ಆಮೇಲೆ ಸತ್ಲು."

"ಮಾತಲ್ಲಿ ಆಗಿದ್ದು ಮಾತಲ್ಲೇ ಹೋಗತ್ತೆ. ಪಾದ್ರಿ ಮುಂದೆ ಇಲ್ಲ ಅನ್ನು. ಊರು ನಂಬ್ಬೇಕು." ಬೌಡೆನ್ ಅವನ ಭುಜ ಹಿಡಿದ. "ಅವಳೂ ನಂಬ್ಬೇಕು. ಅವಳೊಬ್ಬಳ ಮನಸ್ಸಲ್ಲಿ ಉಳಿದ್ರೂ ಅದು ನಿಜಾನೇ."

"ಆಮೇಲೆ ಗುಟ್ಟಾಗಿ ಹೇಳ್ಬಹುದಾ?"

ಬೌಡೆನ್ ಇಲ್ಲವೆಂದು ತಲೆಯಾಡಿಸಿದ. ನದಿಯ ಬದಿಯೆಲ್ಲ ತೊಳೆದ ಬಣ್ಣದ ನೀಲಿ ಗೆರೆ.

ಮರುದಿನ ಚರ್ಚಿನ ಮೊಗಸಾಲೆಯಲ್ಲಿ, ಸಂತೆಯ ಹೊತ್ತಿನಲ್ಲಿ, ಬೌಡೆನ್ ಹೇಳಿಕಳಿಸಿದಂತೆ ಪಾದ್ರಿ ಎಲ್ಲರೆದುರು ಕೇಳಿದ. ಹೈಲ್ವಿಯನ್ನು ಮೀನು ಮಾರುವ ಹೆಂಗಸೊಬ್ಬಳು ಹಿಡಿದು ನಿಲ್ಲಿಸಿಕೊಂಡಿದ್ದಳು. ಮುಸುಕಿನ ಅಂಚಿನಲ್ಲಿ ಅವಳ ಗಂಟಲು ನೀಲಿಯಾಗಿತ್ತು. ನೀಲಿ ಗಲ್ಲಕ್ಕೆ ಹತ್ತುತ್ತಿತ್ತು. ಜನ ದೂರ ಸರಿದು ನಿಂತಿದ್ದರು.

"ಇವಳು ನಿನ್ನ ಹೆಂಡತಿಯೇನಪ್ಪ?"

"ಅಲ್ಲ."

"ಮಾತು ಕೊಟ್ಟಿದ್ಯಾ?"

"ಇಂಥವಳಿಗಾ? ಊರೂರು ಸುತ್ತೋಳು ಇವಳು, ದಾರೀಲಿ ಜೊತೆಯಾದ್ಲು, ಅಷ್ಟೆ."

"ಹೊಟ್ಟೇಲಿರೋದು?"

ಅವನು ಅವಳ ಕಣ್ಣನ್ನೇ ನೋಡಿ ಹೇಳಬೇಕಿತ್ತು. ನೋಡಿದ. "ಯಾರದ್ದು ಅಂತ ಅವಳಿಗೇ ಗೊತ್ತಿಲ್ಲ. ಎರಡು ಸಲ ಬಸಿರು ಇಳಿಸ್ಕೊಂಡಿದಾಳೆ. ಕೇಳಿ ಬೇಕಾದ್ರೆ."

ಹೈಲ್ವಿ ಮೊದಲು ನಂಬಲಿಲ್ಲ. ಅವಳ ಮುಖದಲ್ಲಿ ಅವನ ಪರವಾಗಿ ಒಂದು ಪುಟ್ಟ ಅನುಮಾನ ಹೊರಳಾಡಿತು: ಇವನಿಗೇನೋ ಆಗಿದೆ, ಯಾರೋ ಹೇಳಿಸುತ್ತಿದ್ದಾರೆ. ನೀಲಿ ತುಟಿ ಮುಟ್ಟಿತು. ಗೋಸ್ವಿನ್ ನಕ್ಕ. ಹುಟ್ಟದೆ ಹೋದ ಆ ಎರಡು ಕೂಸುಗಳ ನೆನಪಿಗೆ ನಕ್ಕ, ಅವಳಿಗೆ ಕಾಣುವ ಹಾಗೆ ನಕ್ಕ.

ಆಗ ನಂಬಿದಳು.

ಹೊಡೆದಳು. ಆ ಕೈ ಬೆಚ್ಚಗಿತ್ತು. ಗಂಟಲಿನ ನೀಲಿ ಹಿಂಜರಿದು ಕೆಳಗಿಳಿಯಿತು. ಅವಳು ಇನ್ನೊಮ್ಮೆ ಕೈಯೆತ್ತಿದವಳು ಅರ್ಧಕ್ಕೇ ನಿಂತಳು. ಕೈ ತಾನಾಗಿ ಹೊಟ್ಟೆಗೆ ಹೋಯಿತು. ಕಣ್ಣು ಅಗಲವಾದವು. ಏನೋ ಹೇಳಲು, ರೂಢಿಯಂತೆ, ಅವಳು ಗೋಸ್ವಿನ್‌ನತ್ತ ತಿರುಗಿದಳು. ಅವನ ಕೈಗಾಗಿ ಅವಳ ಕೈ ಅರೆಗಳಿಗೆ ಚಾಚಿಯೂ ಇತ್ತು.

ಆಮೇಲೆ ನೆನಪಾಯಿತು. ಅವಳು ಪಕ್ಕದ ಮೀನಿನವಳ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.