ಗೊತ್ತಿಲ್ಲ ಎಂದವನು

"ನನ್ನನ್ನ ಮದುವೆ ಆಗ್ತೀರಾ?" ಎಂದು ಕೇಳಿದವನು, ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ "ಆದರೆ" ಎಂದ.

ಕ್ಯಾಂಟೀನಿನ ಆ ಮೂಲೆಯಲ್ಲಿ ನಾವಿಬ್ಬರೇ ಇದ್ದೆವು. ಅವನ ಕನ್ನಡಕದ ಮೇಲೆ ಕಾಫಿಯ ಹಬೆ ಕೂತಿತ್ತು. ಒರೆಸಿಕೊಳ್ಳುವ ಗೊಡವೆಯೂ ಇಲ್ಲದೆ ಮಾತಾಡುತ್ತಿದ್ದ.

"ಆದರೆ, ನನಗೆ ಪರ್ಮನೆಂಟ್ ಕೆಲಸ ಇಲ್ಲ. ನಿಮಗಿಂತ ಚಿಕ್ಕವನು. ನಿಮಗೆ ನನ್ನ ಮೇಲಿರೋದು ಪ್ರೀತಿ ಅಲ್ಲ, ಬರೀ ಒಂಟಿತನ ಇರಬಹುದು. ನನಗಿರೋದು ಕನಿಕರ ಅಂತ ಜನ ಅನ್ನಬಹುದು. ನಾನೇ ನನ್ನನ್ನ ಕೇಳ್ಕೊಂಡಿದ್ದೀನಿ."

"ಕೇಳ್ಕೊಂಡು?"

"ಪೂರ್ತಿ ಖಚಿತ ಆಗಿಲ್ಲ."

ನಾನು ಬ್ಯಾಗು ಹೆಗಲಿಗೇರಿಸಿದೆ. "ಪ್ರಶ್ನೆನೂ ನಿಮ್ಮದೇ, ಉತ್ತರನೂ ನಿಮ್ಮದೇ. ಮಧ್ಯೆ ನಾನ್ಯಾಕೆ?"

ಬಾಗಿಲ ತನಕ ನಿಧಾನವಾಗಿಯೇ ನಡೆದೆ. ಅವನು ಕರೆಯಲಿಲ್ಲ.

ಮನೆಯಲ್ಲಿ ಅತ್ತೆ ಯಾರದೋ ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದರು. ಗಂಡ ತೀರಿಹೋದ ಮೇಲೂ ನಾನು ಅವರ ಜೊತೆಯಲ್ಲೇ ಇದ್ದೇನೆ. ನನ್ನ ಮುಖ ನೋಡಿದವರೇ ಹೊಲಿಗೆ ಮೆಷಿನ್ ನಿಲ್ಲಿಸಿದರು.

"ಆ ಕನ್ನಡಕದವನು ಬೇಡ ಅಂದನಾ?"

"ಇಲ್ಲ."

"ನೀನು ಬೇಡ ಅಂದ್ಯಾ?"

"ಇಲ್ಲ ಅತ್ತೆ."

"ಮತ್ತೆ ಇಬ್ಬರೂ ಸೇರಿ ಅಲ್ಲಿ ಮಾಡಿದ್ದೇನು? ಓದು ಹೆಚ್ಚಾದರೆ ಹೀಗೇನಾ?"

ನಗು ಬಂತು. ವಿವರಿಸಲು ಹೊರಟೆ. "ನಮ್ಮ ಫಿಲಾಸಫಿ ಡಿಪಾರ್ಟ್‌ಮೆಂಟಲ್ಲಿ ಒಂದು ಪದ್ಧತಿ ಇದೆ. ಸೆಮಿನಾರಲ್ಲಿ ಯಾರು ಏನೇ ಹೇಳಿದ್ರೂ, ಅದರ ವಿರುದ್ಧ ಇರೋ ಗಟ್ಟಿ ಆಕ್ಷೇಪಗಳನ್ನ ಮೊದಲು ಅವರೇ ಹೇಳ್ಬೇಕು. ತಮಗೆ ಬೇಡವಾದ್ದನ್ನ ಬಚ್ಚಿಟ್ಟು ವಾದ ಮಾಡೋ ಹಾಗಿಲ್ಲ..."

ಮಾತು ಅಲ್ಲಿಗೇ ನಿಂತಿತು. ಅವನು ಮಾಡಿದ್ದೂ ಅದನ್ನೇ. ಬೆನ್ನು ನೆಟ್ಟಗೆ ಮಾಡಿಕೊಂಡು, ಬೆವರುತ್ತಾ, ತನ್ನ ವಿರುದ್ಧ ತಾನೇ ವಾದಿಸಿ ನನ್ನ ಸರದಿಗೆ ಕಾದಿದ್ದ. ನಾನು ಎದ್ದು ಬಂದಿದ್ದೆ.

"ಹೋಗಿ ಒಪ್ಪಿಗೆ ಅಂತ ಹೇಳು ಅವನಿಗೆ," ಎಂದರು ಅತ್ತೆ. "ನಿನ್ನನ್ನ ನಾನಿಲ್ಲಿ ಕಟ್ಟಿಹಾಕಿಲ್ಲ." ಸೂಜಿಗೆ ದಾರ ಪೋಣಿಸಲು ಹೋಗಿ ತಪ್ಪಿದರು. ಮತ್ತೆ ತಪ್ಪಿದರು. "ನನ್ನ ಮಗನಿಗೆ ನಿದ್ದೆ ಬಂದಿತ್ತು ಕಣೇ. ಅಷ್ಟೇ ಆಗಿದ್ದು."

ಈ ಮಾತನ್ನು ಅವರು ಯಾರೂ ಕೇಳದಿದ್ದರೂ ಹೇಳುತ್ತಾರೆ.

ನನ್ನ ಗಂಡನ ಕಾರು ಬೆಳಗಿನ ಬಿಸಿಲಲ್ಲಿ, ನೇರ ರಸ್ತೆಯಲ್ಲಿ, ಸೇತುವೆಯ ಗೋಡೆಗೆ ಹೊಡೆಯಿತು. ಬ್ರೇಕ್ ಹಾಕಿದ ಗುರುತು ಇರಲಿಲ್ಲ. ನಿದ್ದೆ ಎಂದರು ಪೊಲೀಸರು. ನಿದ್ದೆ ಎಂದರು ನೆಂಟರು. ಅದಕ್ಕೂ ಹಿಂದಿನ ಕೆಲವು ವಾರ ಅವನು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದದ್ದನ್ನು ನಾನೊಬ್ಬಳೇ ನೋಡಿದ್ದೆ. ಉತ್ತರ ಸಿಗದವರು ಹೇಗೆ ಬದುಕುತ್ತಾರೆ ಎಂದು ತಿಳಿಯಲು ಫಿಲಾಸಫಿಗೆ ಬಂದೆ. ಅಲ್ಲಿ ಅವರು ಒಳ್ಳೆಯ ಕಾಫಿ ಕುಡಿಯುತ್ತಾರೆ, ಜಗಳ ಆಡುತ್ತಾರೆ, ಪೇಪರ್ ಬರೆಯುತ್ತಾರೆ. ಮನೆಗೆ ಹೋದ ಮೇಲೆ ಏನು ಮಾಡುತ್ತಾರೋ ತಿಳಿಯಲಿಲ್ಲ.

ಮರುದಿನ ಕನ್ನಡಕದವನು ಲೈಬ್ರರಿಯ ಮೆಟ್ಟಿಲ ಮೇಲೆ ಸಿಕ್ಕ. ಗಡ್ಡ ಬೋಳಿಸಿರಲಿಲ್ಲ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ; ಹಾದುಹೋಗಲೆಂದೋ, ಕೂರಲೆಂದೋ ತಿಳಿಯಲಿಲ್ಲ. ಕೂತೆ.

"ನಿನ್ನೆ ನನಗೆ ಅರ್ಥ ಆಗಲಿಲ್ಲ," ಎಂದೆ. "ಆಮೇಲೆ ಆಯ್ತು."

"ಹಾಗೆ ಕೇಳೋದು ಅಂತ ಮೊದಲೇ ರಿಹರ್ಸಲ್ ಮಾಡಿದ್ದೆ," ಎಂದ, ಕಿವಿ ಕೆಂಪಾಗಿ. "ರಿಹರ್ಸಲ್‌ನಲ್ಲಿ ನೀವು ಎದ್ದು ಹೋಗಿರಲಿಲ್ಲ."

ಕಣ್ಣಂಚಿನಲ್ಲಿ ನನ್ನನ್ನು ನೋಡಿ, ನಾನು ನಗುತ್ತಿರುವುದು ಖಾತ್ರಿಯಾದ ಮೇಲೆ ತಾನೂ ನಕ್ಕ. ಆ ನಗು ನೋಡಿಯೇ, ಇದನ್ನೂ ಕಳೆದುಕೊಂಡರೆ ಎಂದು ನನಗೆ ಭಯವಾಯಿತು. ಸೇತುವೆಯ ವಿಷಯ ಹೇಳಿದೆ. ತಟ್ಟೆಯ ಮುಂದೆ ಕೂತಿರುತ್ತಿದ್ದದ್ದನ್ನೂ ಹೇಳಿದೆ. ಯಾರಿಗೂ ಹೇಳಿರಲಿಲ್ಲ.

"ನನ್ನ ಜೊತೆ ಬಾಳಲಾರದೆ ಹೋದನಾ ಅವನು? ಅದು ಗೊತ್ತಾಗದೆ ಇನ್ನೊಬ್ಬರ ಮನೆಗೆ ಹೇಗೆ ಬರಲಿ?" ಅವನ ಅಂಗಿಯ ತೋಳು ಹಿಡಿದಿದ್ದೆ. "ನಿದ್ದೆ ಬಂದಿತ್ತು ಅಂತ ಹೇಳಿ. ನೀವು ಹೇಳಿದ್ರೆ ನಂಬ್ತೀನಿ."

ಅವನು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ.

"ಗೊತ್ತಿಲ್ಲ," ಎಂದ.

"ಸುಳ್ಳಾದ್ರೂ ಹೇಳಿ!"

"ಆಗಲ್ಲ. ಇದರಲ್ಲಿ ಸುಳ್ಳು ಹೇಳಿದ್ರೆ, ನಾಳೆ ನಿಮ್ಮ ಮೇಲೆ ಪ್ರೀತಿ ಇದೆ ಅಂದಾಗ ಅದನ್ನ ಹೇಗೆ ನಂಬ್ತೀರಿ?"

ಅಳು ಬಂತು. ಗಂಡ ಸತ್ತ ದಿನ ಬಾರದ ಅಳು. ಮೆಟ್ಟಿಲು ಹತ್ತುವವರು ನಮ್ಮನ್ನು ಬಳಸಿಕೊಂಡು ಹೋದರು. ಎಲ್ಲರೂ ನನಗೊಂದು ಉತ್ತರ ಕೊಟ್ಟು ಎದ್ದು ಹೋಗಿದ್ದರು. ಇವನು ಕೊಡಲಿಲ್ಲ, ಎದ್ದೂ ಹೋಗಲಿಲ್ಲ.

"ನೀವು ಮನೆಗೆ ತಡವಾಗಿ ಬಂದ ದಿನವೆಲ್ಲ ನನಗೆ ಜೀವ ಹೋಗಿಬರುತ್ತೆ," ಎಂದೆ.

"ಫೋನ್ ಮಾಡ್ತೀನಿ."

"ಫೋನ್ ಮಾಡಿದ್ರೂ."

"ಆದ್ರೂ ಮಾಡ್ತೀನಿ."

"ನೀವು ತಟ್ಟೆ ಮುಂದೆ ಸುಮ್ಮನೆ ಕೂತ್ರೆ, ಏನಾಯ್ತು ಅಂತ ಪೀಡಿಸ್ತೀನಿ."

"ಪೀಡಿಸಿ. ಹೇಳೋಕೆ ಆಗದಿದ್ರೆ, ಆಗ್ತಿಲ್ಲ ಅಂತಾದ್ರೂ ಹೇಳ್ತೀನಿ."

ತೋಳು ಬಿಟ್ಟು ಅವನ ಕೈ ಹಿಡಿದೆ.

"ಸಂಜೆ ಮನೆಗೆ ಬನ್ನಿ," ಎಂದೆ. "ಅತ್ತೆ ಇರ್ತಾರೆ. ಅವರು ಮಗನಿಗೆ ನಿದ್ದೆ ಬಂದಿತ್ತು ಅಂದ್ರೆ, ನೀವು ಹೂಂ ಅನ್ನಬೇಡಿ, ಊಹೂಂ ಅನ್ನಬೇಡಿ. ಸುಮ್ಮನೆ ಪಕ್ಕದಲ್ಲಿ ಕೂತಿರಿ."