ಕೆಂಪು ಹಣ್ಣು, ಹೌದಪ್ಪನ ನಾಲಿಗೆ

"ಚೆನ್ನಾಗಿದೆ" ಎಂದ.

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಮ್ಮ ಅಂಗಡಿಯ ಫ್ರೀಜರ್ ರಿಪೇರಿಗೆ ಬರುವ ಈ ಮೆಕ್ಯಾನಿಕ್‌ಗೆ ಯಾವ ಐಸ್‌ಕ್ರೀಮ್ ಕೊಟ್ಟರೂ ಇದೊಂದೇ ಮಾತು. ಸಕ್ಕರೆಯ ಬದಲು ಉಪ್ಪು ಬಿದ್ದ ದಿನವೂ ಬಟ್ಟಲು ಖಾಲಿ ಮಾಡಿ ಇದನ್ನೇ ಅಂದಿದ್ದ. ಅಂಗಡಿಯ ಯಜಮಾನಿ ನನ್ನ ಸೋದರತ್ತೆ. ಅವರು ಇವನಿಗೆ ಹೌದಪ್ಪ ಎಂದೇ ಹೆಸರಿಟ್ಟಿದ್ದರು.

ಸಾಲದ್ದಕ್ಕೆ, ಚಮಚ ಬಾಯಿಗಿಡುವಾಗಲೂ ಅವನ ಕಣ್ಣು ನನ್ನ ಮೇಲೇ. ನೋಡಬೇಡ ಎನ್ನಲು ನನಗೆ ಮನಸ್ಸಿಲ್ಲ, ನೋಡಿದರೆ ಕೈಯಲ್ಲಿದ್ದದ್ದು ಜಾರುತ್ತದೆ.

"ಸರಿಯಾಗಿ ಹೇಳಿ. ಫ್ರೀಜರ್‌ಗೆ ಇಡೋ ಮುಂಚೆ ಕೇಳ್ತಿದೀನಿ. ಇವತ್ತು ತಮಾಷೆ ಅಲ್ಲ."

"ನಿಜವಾಗ್ಲೂ ಚೆನ್ನಾಗಿದೆ." ಅವನ ಕಣ್ಣಲ್ಲಿ ನೀರಾಡುತ್ತಿತ್ತು. ಪ್ರೀತಿ ಇರಬೇಕು ಅಂದುಕೊಂಡೆ. ಅಂಥ ಪೆದ್ದಿ ನಾನು.

ಅಂದು ಸಂಜೆ ದೊಡ್ಡ ಹೋಟೆಲಿನ ಯಜಮಾನಿ ರುಚಿ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಅತ್ತೆ ಐಸ್‌ಕ್ರೀಮಿಗೆ ಕೈಮುಗಿದು ಅಂಗಡಿಯನ್ನು ಟೈಲರ್ ಒಬ್ಬರಿಗೆ ಬಾಡಿಗೆ ಕೊಡುವವರು. ಅದಕ್ಕೇ ಪಕ್ಕದ ನರ್ಸರಿಯಲ್ಲಿ ಬೆಳೆದ ಒಂದು ವಿಚಿತ್ರ ಹಣ್ಣಿಗೆ ನಾನು ಗಂಟುಬಿದ್ದಿದ್ದೆ. ಬೆರಳ ತುದಿಯಷ್ಟು ಕೆಂಪು ಹಣ್ಣು, ಹೇಳಿಕೊಳ್ಳುವಂಥ ರುಚಿಯಿಲ್ಲ. ಆದರೆ ಅದನ್ನು ಅಗಿದ ಮೇಲೆ ನಿಂಬೆಹಣ್ಣು ಕಚ್ಚಿದರೂ ಸಿಹಿ. ಅದನ್ನು ಕುದಿಸಿ, ಆರಿಸಿ, ಕೆನೆಗೆ ಬೆರೆಸಿ, ಸಕ್ಕರೆ ಮುಟ್ಟದೆ ನಿಂಬೆ ಹಿಂಡಿದ್ದೆ. ಕೆಲಸದ ಮಧ್ಯೆ ಹಸಿ ಹಣ್ಣನ್ನೂ ಬಾಯಿಗೆ ಹಾಕಿಕೊಳ್ಳುತ್ತಲೇ ಇದ್ದೆ. ನನಗಂತೂ ಐಸ್‌ಕ್ರೀಮ್ ಜೇನಿನ ಹಾಗಿತ್ತು.

ಮಧ್ಯಾಹ್ನ ಅತ್ತೆ ಬಂದು ಒಂದು ಚಮಚ ಬಾಯಿಗಿಟ್ಟರು. ಇಟ್ಟವರೇ ಸಿಂಕಿನ ಕಡೆ ಓಡಿದರು.

"ಹಲ್ಲೆಲ್ಲ ಉದುರಿಸ್ಬೇಕು ಅಂತಿದೀಯೇನೇ? ಬರೀ ಹುಳಿ."

ಫ್ರೀಜರ್ ಬಾಗಿಲಿಗೆ ರಬ್ಬರ್ ಕೂರಿಸಲು ಬಂದವನು ಊಟದ ಹೊತ್ತು ದಾಟಿದರೂ ಅದನ್ನು ಕೂರಿಸುತ್ತಲೇ ಇದ್ದ. ಅವನ ಕಡೆ ತಿರುಗಿದೆ. ಅವನು ಸ್ಕ್ರೂಡ್ರೈವರನ್ನು ಪರೀಕ್ಷಿಸತೊಡಗಿದ.

"ಹುಳಿ ಇತ್ತಾ?"

"ಸ್ವಲ್ಪ."

"ಸ್ವಲ್ಪಾನಾ?"

"ಕಿವಿ ಒಳಗೆಲ್ಲ ಜುಮ್ ಅಂತು."

ಆಗ ಹೊಳೆಯಿತು. ಕುದಿಸಿದಾಗಲೇ ಹಣ್ಣಿನ ಗುಣ ಸತ್ತಿತ್ತು. ಸಿಹಿ ಇದ್ದದ್ದು ಐಸ್‌ಕ್ರೀಮಿನಲ್ಲಲ್ಲ, ಹಸಿ ಹಣ್ಣು ಮೆದ್ದ ನನ್ನ ಬಾಯಲ್ಲಿ. ಹೊಸದು ಮಾಡಿದರೆ ಗಟ್ಟಿಯಾಗಲು ಹೊತ್ತಿರಲಿಲ್ಲ.

"ಬೆಳಿಗ್ಗೇನೇ ಬಾಯಿಬಿಡೋಕೆ ಏನಾಗಿತ್ತು ನಿಮಗೆ?"

"ನೀವು ನಗ್ತಾ ಇದ್ರಿ. ಹೇಗೆ ಹೇಳ್ಲಿ?"

ನಾನು ಕುರ್ಚಿಯ ಮೇಲೆ ಕುಸಿದೆ. ಅವನು ಬಟ್ಟಲಿನಿಂದ ಒಂದು ಹಸಿ ಹಣ್ಣು ತೆಗೆದು ನಿಧಾನವಾಗಿ ಅಗಿದ. ಆಮೇಲೆ ಅದೇ ಐಸ್‌ಕ್ರೀಮನ್ನು ಮತ್ತೆ ಬಾಯಿಗಿಟ್ಟ. ಹುಬ್ಬು ಮೇಲೇರಿತು.

"ಈಗ ಚೆನ್ನಾಗಿದೆ. ಅವ್ರಿಗೆ ಮೊದ್ಲು ಹಣ್ಣು ಕೊಡಿ, ಆಮೇಲೆ ಇದು."

ನನಗೆ ಮೈಯೆಲ್ಲ ಉರಿದುಹೋಯಿತು. "ಉಪ್ಪಿಗೂ ಚೆನ್ನಾಗಿದೆ, ಹುಳಿಗೂ ಚೆನ್ನಾಗಿದೆ. ಈಗ ಹೇಗೆ ನಂಬ್ಲಿ?"

ಬೆಳಿಗ್ಗೆಯಿಂದ ಹಣ್ಣು ಮೆಲ್ಲುತ್ತಲೇ ಇದ್ದ ನನ್ನ ನಾಲಿಗೆಗೆ ಎಲ್ಲವೂ ಸಿಹಿ, ಒಂದೇ ಹಣ್ಣು ಸಾಕೇ ಎಂದು ಅದನ್ನು ಕೇಳುವ ಹಾಗಿರಲಿಲ್ಲ. ಅತ್ತೆ "ನನ್ನ ಹಲ್ಲು ನನಗೆ ಬೇಕು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಅಂಗಡಿಯ ಹಣೆಬರಹ ಈ ಮನುಷ್ಯನ ಒಂದು ಮಾತಿನ ಮೇಲೆ ನಿಂತಿತ್ತು, ಆ ಮಾತಿಗೋ ಮೂರು ಕಾಸಿನ ಬೆಲೆಯಿರಲಿಲ್ಲ.

ಅವನು ಕೈ ಒರೆಸಿಕೊಂಡು ನನ್ನೆದುರು ಬಂದು ಕೂತ.

"ಸರಿ, ಕೇಳಿ. ಬೀಟ್‌ರೂಟಿಂದು ಮಣ್ಣು ತಿಂದ ಹಾಗಿತ್ತು. ಕಲ್ಲಂಗಡಿದು ಐಸ್‌ಕ್ರೀಮೇ ಅಲ್ಲ. ಶುಂಠಿದು ತಿಂದು ರಾತ್ರಿಯಿಡೀ ಹೊಟ್ಟೆ ಹಿಡ್ಕೊಂಡು ಕೂತಿದ್ದೆ. ಕೆಲಸ ಮಾಡ್ತಾ ಹಾಡ್ತೀರಲ್ಲ, ಅದೂ ಅಷ್ಟಕ್ಕಷ್ಟೇ."

ಕೋಪ ಬರಬೇಕಿತ್ತು. ಬಂತು ಕೂಡ. ಆದರೆ ಒಂದೊಂದು ಮಾತಿಗೂ ಎದೆ ಹಗುರಾಗುತ್ತಾ ಹೋಯಿತು, ಅದಕ್ಕೇನು ಮಾಡಲಿ.

"ಇಷ್ಟು ಕೆಟ್ಟದಾಗಿದ್ರೆ ಯಾಕೆ ಬಂದು ಬಂದು ತಿಂತಿದ್ರಿ?"

"ಐಸ್‌ಕ್ರೀಮಿಗೆ ಬರ್ತಿದ್ದೆ ಅಂದ್ಕೊಂಡ್ರಾ?" ಎಂದ. "ನಿಮ್ಮನ್ನ ನೋಡೋಕೆ ಬರ್ತಿದ್ದೆ. ಅದನ್ನೂ ಹೇಳಿರ್ಲಿಲ್ಲ."

ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ.

ಹೋಟೆಲ್ ಯಜಮಾನಿ ಬಂದಾಗ ತಟ್ಟೆಯಲ್ಲಿ ಮೊದಲು ಒಂದು ಕೆಂಪು ಹಣ್ಣನ್ನಿಟ್ಟೆ. ಅವರು ಅಗಿದರು, ಚಮಚ ಎತ್ತಿದರು. ಮತ್ತೊಂದು ಚಮಚ. ಬಟ್ಟಲು ಖಾಲಿಯಾದ ಮೇಲೆ, "ಇದನ್ನ ಬೇರೆ ಯಾರಿಗೂ ಕೊಡ್ಬೇಡಿ, ನಮಗೇ ಬೇಕು" ಎಂದರು. ಒಳಬಾಗಿಲು ತೆರೆದುಕೊಂಡಿತು. ವ್ಯಾಪಾರದ ಮಾತನ್ನು ಅತ್ತೆಗೆ ಬಿಟ್ಟು ನಾನು ಹಿಂದಿನ ಕೋಣೆಗೆ ಹೋದೆ.

ಅವನು ಟೂಲ್‌ಬ್ಯಾಗ್ ಕಟ್ಟುತ್ತಿದ್ದ.

"ಒಂದು ಮಾತು ಕೇಳ್ತೀನಿ. ನನ್ನ ಮುಖ ನೋಡ್ಕೊಂಡು ಉತ್ತರ ಹೇಳೋ ಹಾಗಿಲ್ಲ."

ಅವನು ವಿಧೇಯನಾಗಿ ಗೋಡೆ ನೋಡಿದ.

"ನನ್ನನ್ನ ಮದುವೆ ಆಗ್ತೀರಾ?"

ಉತ್ತರ ತಡವಾಯಿತು. ಇವನು ಯೋಚಿಸಿ ಮಾತಾಡಿದ್ದನ್ನು ನಾನು ಕಂಡದ್ದೇ ಅಂದು.

"ನಿಮ್ಮ ಕೋಪ ಕಂಡ್ರೆ ಭಯ ಆಗತ್ತೆ" ಎಂದ ಗೋಡೆಗೆ. "ನಿಮ್ಮ ಅತ್ತೆ ಕಂಡ್ರೆ ಇನ್ನೂ ಭಯ. ಆದ್ರೂ ಆಗ್ತೀನಿ."

ಮರುಮಾತಿಲ್ಲದೆ ನಂಬಿದೆ.