ಕರ್ಚೀಫ್ ಹಾಕಿದ ಸೀಟು

ಲಿಂಗಸುಗೂರಿನ ಬಸ್ಸು ಮಸ್ಕಿಗೆ ಬಂದು ನಿಂತಾಗ ಕಿಟಕಿಯಿಂದ ಖಾಲಿ ಸೀಟಿನ ಮೇಲೆ ಕರ್ಚೀಫ್ ಎಸೆದರೆ ಆ ಸೀಟು ನಿಮ್ಮದು. ಇದಕ್ಕೆ ರಶೀದಿ ಇಲ್ಲ, ಸಾಕ್ಷಿ ಬೇಕಿಲ್ಲ, ತಹಶೀಲ್ದಾರರೂ ತಕರಾರು ಮಾಡುವಂತಿಲ್ಲ. ಹಾಗಿದ್ದೂ ಅವತ್ತು ನಾನು ನೂಕುನುಗ್ಗಲಿನಲ್ಲಿ ಒಳಗೆ ಹೋಗುವಷ್ಟರಲ್ಲಿ ನನ್ನ ಸೀಟಿನಲ್ಲಿ ಒಬ್ಬ ಆಸಾಮಿ ಕೂತಿದ್ದ. ಕೈಯಲ್ಲಿ ನನ್ನ ಹಳದಿ ಕರ್ಚೀಫ್.

“ರೀ, ಅದು ನನ್ನ ಸೀಟು. ಕರ್ಚೀಫ್ ಹಾಕೀನಿ.”

“ನಿಮ್ಮದೇನ್ರಿ? ಗಾಳಿಗೆ ಹಾರಿ ಬಂತು ಅಂದ್ಕೊಂಡೆ.”

ಗಾಳಿಗಂತೆ. ಅವನು ಎದ್ದು ನಿಂತ. ನಾನು ಕೂರಲಿಲ್ಲ. ಸಿಟ್ಟು ಬಂದರೆ ನನಗೆ ಕಾಲುನೋವು ಗೊತ್ತಾಗುವುದಿಲ್ಲ. ಅವನೂ ಕೂರಲಿಲ್ಲ. ಸಿಂಧನೂರಿನವರೆಗೆ ಇಬ್ಬರೂ ನಿಂತೇ ಬಂದೆವು. ಸೀಟಿನ ಮೇಲೆ ಯಾರದೋ ಮೆಣಸಿನಕಾಯಿ ಚೀಲ ಆರಾಮಾಗಿ ಪ್ರಯಾಣ ಮಾಡಿತು.

ಮಧ್ಯಾಹ್ನ ಅದೇ ಮನುಷ್ಯ ಸಿಂಧನೂರಿನ ನಮ್ಮ ಟ್ರಾವೆಲ್ಸ್ ಆಫೀಸಿನ ಮೆಟ್ಟಿಲು ಹತ್ತಿ ಬಂದ. ಆಫೀಸು ನನ್ನದು ಮತ್ತು ಗೆಳತಿ ಮಹೆಕ್‌ಳದು. ಅವಳು ಉಮ್ರಾ ಯಾತ್ರೆಯವರನ್ನು ನೋಡಿಕೊಂಡರೆ ಉಳಿದ ಟಿಕೆಟ್‌ಗಳೆಲ್ಲ ನನ್ನ ಪಾಲು. ಅವನ ಹೆಸರು ಶಿವಕಾಂತ. ರೈಸ್ ಮಿಲ್ಲುಗಳಲ್ಲಿ ಅಕ್ಕಿಯೊಳಗಿನ ಕಪ್ಪು ಕಾಳು ಆರಿಸುವ ಮಷೀನಿನ ಎಂಜಿನಿಯರ್. ಕಂಪನಿ ತರಬೇತಿಗೆಂದು ಜರ್ಮನಿಗೆ ಕಳಿಸುತ್ತಿತ್ತು. ರಜೆಯ ದಿನ ಮ್ಯೂನಿಕ್‌ನಿಂದ ಬರ್ಲಿನ್‌ಗೆ ರೈಲಿನಲ್ಲಿ ಹೋಗಬೇಕೆಂಬ ಆಸೆ ಅವನದು.

“ಅಲ್ಲಿ ಟಿಕೆಟ್ ಬ್ಯಾರೆ, ಸೀಟು ಬ್ಯಾರೆ ರೀ. ಟಿಕೆಟ್ ಇದ್ರ ರೈಲು ಹತ್ತಬಹುದು. ಕೂಡಾಕ ಜಾಗ ಬೇಕಂದ್ರ ಸೀಟು ಬ್ಯಾರೆ ಹಿಡೀಬೇಕು,” ಅಂದೆ.

“ಅಂದ್ರ ನಮ್ಮ ಬಸ್ಸಿನಂಗ. ಕರ್ಚೀಫ್ ಹಾಕಬೇಕು.”

“ಹಾಕಿದ್ರೂ ಕೆಲವ್ರು ಗಾಳಿಗೆ ಬಂತು ಅಂತಾರ. ಅದಿರ್ಲಿ, ನಂದು ಕೊಡ್ರಿ.”

“ಎಲ್ಲೋ ಕಳದೈತ್ರಿ.”

ಹೇಳುವಾಗ ಅವನ ಕಣ್ಣು ಗೋಡೆಯ ಕ್ಯಾಲೆಂಡರ್ ಕಡೆಗಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಕಣ್ಣು.

ಆಮೇಲೆ ದಿನಾ ಬರತೊಡಗಿದ. ಬೆಳಗಿನ ರೈಲೋ ಮಧ್ಯಾಹ್ನದ್ದೋ, ಕಿಟಕಿಯ ಪಕ್ಕವೋ ಈಚೆಯೋ, ಹೇಳಿದ್ದನ್ನೇ ಮತ್ತೆ ಹೇಳಿಸುತ್ತಿದ್ದ. ನಾನು ಬೈಯುತ್ತಿದ್ದೆ, ಅವನು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ. ನಾನು ತಲೆಯೆತ್ತಿದಾಗೆಲ್ಲ ಅವನ ನೋಟ ಸ್ಕ್ರೀನು ಬಿಟ್ಟು ನನ್ನ ಕಿವಿಯೋಲೆಯ ಹತ್ತಿರ ಸಿಕ್ಕಿಬೀಳುತ್ತಿತ್ತು.

“ಹುಬ್ಬಿನ ಮ್ಯಾಲೆ ತೌಡು ಕುಂತೈತಿ, ಒರಸ್ಕೊಳ್ರಿ.”

“ಕರ್ಚೀಫ್ ಇಲ್ಲ ನೋಡ್ರಿ,” ಎಂದು ನಗುತ್ತಿದ್ದ.

ಅವನು ತಡಮಾಡಿದರೆ ನಾನು ಮೆಟ್ಟಿಲ ಸಪ್ಪಳಕ್ಕೆ ಕಿವಿಗೊಟ್ಟು ಕೂರುತ್ತಿದ್ದೆ. ನನಗೆ ಅವನು ಬೇಕಾಗಿಬಿಟ್ಟಿದ್ದ. ಮುಚ್ಚಿಡುವುದೇನಿದೆ?

ಹೊರಡುವ ಹಿಂದಿನ ದಿನ ಬಂದು ಅಂದ: “ಟಿಕೆಟ್ ಒಂದ ಇರ್ಲಿ. ಸೀಟು ಎರಡು ಹಿಡೀರಿ, ಬಾಜೂಬಾಜೂ.”

“ಇನ್ನೊಂದು ಯಾರಿಗೆ?”

“ಒಬ್ರು ಅದಾರ. ಬರ್ತಾರೋ ಇಲ್ಲೋ, ಇನ್ನಾ ಕೇಳಿಲ್ಲ.”

ತರಬೇತಿಗೆ ಬರುವ ಯಾವಳೋ ಇರಬೇಕು. ಅವಳಿಗೆ ಸೀಟು ಹಿಡಿದುಕೊಡುವ ಭಾಗ್ಯ ನನ್ನದು. ಬುಕ್ ಮಾಡಿದೆ. ಅವನು ಏನೋ ಹೇಳಲು ಬಾಯಿ ತೆರೆದ. ನಾನು ಮುಖ ನೋಡದೆ “ಸುಖವಾಗಿ ಹೋಗಿ ಬರ್ರಿ” ಎಂದು ಮುಂದಿನ ಗಿರಾಕಿಯನ್ನು ಕರೆದೆ.

“ಅಮರೇಶ್ವರಿ, ಕೀಬೋರ್ಡ್ ಏನ್ ತಪ್ಪು ಮಾಡೈತಿ? ಹಂಗ್ಯಾಕ ಕುಟ್ಟಾಕತ್ತೀ?” ಅಂದಳು ಮಹೆಕ್.

ಜರ್ಮನಿಯಿಂದ ಅವನ ಮೆಸೇಜು ಬಂದರೆ “ಹೂಂ” ಎಂದಷ್ಟೇ ಉತ್ತರಿಸುತ್ತಿದ್ದೆ. ಅವನ ಬರ್ಲಿನ್ ಪ್ರಯಾಣದ ದಿನ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಮಧ್ಯಾಹ್ನ ವಿಡಿಯೊ ಕಾಲ್ ಬಂತು. ಮೊದಲು ರೈಲಿನ ಕಿಟಕಿ, ಓಡುವ ಹಸಿರು. ಆಮೇಲೆ ಅವನು ಫೋನು ಪಕ್ಕಕ್ಕೆ ತಿರುಗಿಸಿದ. ಪಕ್ಕದ ಖಾಲಿ ಸೀಟಿನ ಮೇಲೆ, ಒಗೆದು ಇಸ್ತ್ರಿ ಮಾಡಿದ ನನ್ನ ಹಳದಿ ಕರ್ಚೀಫ್.

“ಕಳದೈತಿ ಅಂದಿದ್ರಿ,” ಅಂದೆ.

“ಸುಳ್ಳು ಹೇಳಿದ್ದೆ. ಈಗೊಂದು ಪಂಚಾಯ್ತಿ ಬಂದೈತ್ರಿ. ರೈಲು ತುಂಬೈತಿ, ಒಬ್ರು ಅಜ್ಜಿ ಈ ಸೀಟು ಕೇಳಾಕತ್ತಾರ. ಕರ್ಚೀಫ್ ನಿಮ್ಮದು. ನಿಮ್ಮನ್ನ ಕೇಳದ ಹೆಂಗ ಕೊಡ್ಲಿ?”

ಬೆಳ್ಳಿಕೂದಲ ಅಜ್ಜಿಯೊಬ್ಬಳು ಫೋನಿನೊಳಗೆ ಇಣುಕಿ ಕೈ ಬೀಸಿದಳು.

“ಮೊದ್ಲ ಕೊಡ್ರಿ. ಅಜ್ಜಿನ್ನ ನಿಲ್ಲಸ್ತಾರೇನು?”

“ಕೊಟ್ರ ನಿಮಗ ಸೀಟು ಇರಂಗಿಲ್ಲ.”

ಇಷ್ಟು ದಿನ ನುಂಗಿಕೊಂಡಿದ್ದು ಆಗ ಹೊರಗೆ ಬಂತು. “ಅಲ್ಲಿದ್ದು ಅಜ್ಜಿಗಿರ್ಲಿ. ನನಗ ಇಲ್ಲಿ, ನಿಮ್ಮ ಬಾಜು ಬೇಕು. ಕಾಯಂ.”

ಅವನು ಕರ್ಚೀಫನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದ. ಕಣ್ಣು ತುಂಬಿದ್ದವು, ಈ ಸಲ ಬೇರೆಲ್ಲೂ ತಿರುಗಲಿಲ್ಲ. ಕೂತ ಅಜ್ಜಿ ಏನೋ ಕೇಳಿದಳು. ಅವನು ತೊದಲುತ್ತ ಏನು ಹೇಳಿದನೋ, ಆಕೆ ಚಪ್ಪಾಳೆ ತಟ್ಟಿದಳು.

“ಕ್ಯಾನ್ಸಲೇಷನ್ ಇಲ್ಲ ಅಂತ ಈಗ ಹೇಳಿಬಿಡು,” ಹಿಂದಿನಿಂದ ಮಹೆಕ್ ಕೂಗಿದಳು.

ಅವನು ಊರಿಗೆ ಬಂದ ಮರುದಿನ ಮಸ್ಕಿಯಲ್ಲಿ ಬಸ್ಸು ನಿಂತಿತು. ಖಾಲಿ ಸೀಟು ಹುಡುಕುತ್ತಿದ್ದೆ. ಒಂದು ಕಿಟಕಿಯಿಂದ ಹಳದಿ ಕರ್ಚೀಫ್ ಹಿಡಿದ ಕೈಯೊಂದು ಹೊರಬಂದು ಬೀಸಿ ಒಳಗೆ ಹೋಯಿತು. ನಾನು ನುಗ್ಗಿಕೊಂಡು ಹೋದಾಗ ಅದು ಅವನ ಪಕ್ಕದ ಸೀಟಿನ ಮೇಲಿತ್ತು. ಚೀಲ ಹೊತ್ತ ಹೆಂಗಸೊಬ್ಬಳು ಕೇಳುತ್ತಿದ್ದಳು: “ಇಲ್ಲಿ ಯಾರರ ಬರ್ತಾರೇನಪ್ಪ?”

“ಬರ್ತಾರಬೇ. ಬಂದ್ರು ನೋಡು.”

ನಾನು ಕರ್ಚೀಫ್ ಎತ್ತಿಕೊಂಡು ಕೂತೆ. ಸಿಂಧನೂರಿನವರೆಗೆ ಈ ಸಲ ಇಬ್ಬರೂ ಕೂತೇ ಹೋದೆವು. ಆ ಹೆಂಗಸಿನ ಮೆಣಸಿನಕಾಯಿ ಚೀಲ ಅವನ ತೊಡೆಯ ಮೇಲಿತ್ತು.